ನಮ್ಮ ಶಾಲೆ ಟೀಚರ್‌ಗಳ ಮಕ್ಕಳೆಲ್ಲ ಕಾನ್ವೆಂಟಲ್ಲಿ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಕೇಳಬಹುದಾ?

ಹೊಲದಬದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಹೆಸರು ಬೇಡ, ನಮ್ಮ ಮೇಷ್ಟ್ರೂ ಇಲ್ಲಿ ಓದುತ್ತಿರಬಹುದು. ಅಡಿಕೆ, ಮೆಕ್ಕೆಜೋಳ ಬೆಳೆಯುತ್ತೇನೆ. ಈ ವರ್ಷ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ನನ್ನನ್ನೇ ಅಧ್ಯಕ್ಷ ಮಾಡಿದ್ದಾರೆ, ಬೇರೆ ಯಾರೂ ಒಪ್ಪಲಿಲ್ಲ ಅಂತ.

ವಿಷಯ ಇಷ್ಟೇ. ಶಾಲೆ ಒಂದರಿಂದ ಏಳನೇ ಕ್ಲಾಸಿನವರೆಗೆ ಇದೆ, ಮಕ್ಕಳು 58. ಹೆಡ್‌ಮಾಸ್ಟರ್ ಸೇರಿ ಕಾಯಂ ಟೀಚರ್‌ಗಳು ಮೂವರು, ಅತಿಥಿ ಶಿಕ್ಷಕಿ ಒಬ್ಬರು. ಕಾಯಂ ಮೂವರೂ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿದ್ದಾರೆ, ಮೂವರ ಮಕ್ಕಳೂ ಅಲ್ಲಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ನಮ್ಮ ಶಾಲೆಯಲ್ಲಿ ಓದುತ್ತಿರುವ ಟೀಚರ್ ಮಗು ಒಂದೇ, ಅದು ಅತಿಥಿ ಶಿಕ್ಷಕಿಯದು. ಅವರಿಗೆ ಬರುವ ಗೌರವಧನದಲ್ಲಿ ಕಾನ್ವೆಂಟ್ ಫೀಸು ಕಟ್ಟೋಕಾಗಲ್ಲ, ಅದಕ್ಕೇ ಇಲ್ಲಿ ಹಾಕಿದ್ದೀನಿ ಅಂತ ಅವರೇ ಹೇಳಿದರು.

ಮೇ ಕೊನೆಯಲ್ಲಿ ದಾಖಲಾತಿ ಆಂದೋಲನ ಅಂತ ಮನೆ ಮನೆಗೆ ಹೋದೆವು. ಮೇಡಂ ಒಬ್ಬರು ಚೆನ್ನಾಗಿಯೇ ಹೇಳುತ್ತಿದ್ದರು. ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಇದೆ, ಪುಸ್ತಕ, ಯೂನಿಫಾರ್ಮ್, ಶೂ ಎಲ್ಲ ಕೊಡುತ್ತಾರೆ ಅಂತ. ಕೆಳಗಿನ ಕೇರಿಯಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ, "ನಿನ್ ಕೂಸು ಯಾವ ಇಸ್ಕೂಲಿಗೆ ಹೋಗ್ತತವ್ವ?" ಅಂದರು. ಮೇಡಂ ನಕ್ಕು ಮುಂದಿನ ಮನೆಗೆ ನಡೆದರು. ಆ ಅಜ್ಜಿಯ ಮೊಮ್ಮಗ ಈಗ ವ್ಯಾನ್ ಹತ್ತುತ್ತಾನೆ. ಅವರಪ್ಪ ಕೂಲಿ ಕೆಲಸದವನು, ಫೀಸಿಗೆ ಸಂಘದಲ್ಲಿ ಸಾಲ ಮಾಡಿದ್ದಾನೆ.

ನನ್ನ ಮಗ ಇದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಟೀಚರ್‌ಗಳ ಮೇಲೆ ನನಗೆ ದ್ವೇಷವಿಲ್ಲ, ಕೆಟ್ಟವರೂ ಅಲ್ಲ. ಆದರೆ ಅಡುಗೆ ಮಾಡಿದವರೇ ಊಟಕ್ಕೆ ಹೋಟೆಲಿಗೆ ಹೋದರೆ ನಾವು ಏನು ಅಂದುಕೊಳ್ಳಬೇಕು ಹೇಳಿ. ಮುಂದಿನ ಸಭೆಯಲ್ಲಿ ಇದನ್ನು ನೇರವಾಗಿ ಕೇಳಬೇಕು ಅಂತ ಸದಸ್ಯರು ಹೇಳುತ್ತಿದ್ದಾರೆ. ಕೇಳುವ ಹಕ್ಕು ನಮಗೆ ಇದೆಯಾ? ಕಾನೂನು ಏನಾದರೂ ಇದೆಯಾ? ಕೇಳಿದರೆ ಉಪಯೋಗ ಇದೆಯಾ, ಸುಮ್ನೆ ಮನಸ್ತಾಪವಾ?

ಕಪ್ಪುಹಲಗೆ:

ಅಣ್ಣಾ, ನಾನು ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್, ಹಾಸನದ ಕಡೆ. ನನ್ನ ಮಗಳೂ ಖಾಸಗಿ ಶಾಲೆಯಲ್ಲೇ ಓದುತ್ತಿದ್ದಾಳೆ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಎಲ್ಲರೂ ತಿಳಿದುಕೊಂಡಿರುವುದು, ನಮ್ಮ ಪಾಠದ ಮೇಲೆ ನಮಗೇ ನಂಬಿಕೆ ಇಲ್ಲ ಅಂತ. ಅದು ನಿಜವಲ್ಲ. ಡಿ.ಎಡ್. ಮಾಡಿ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿ, ನೇಮಕಾತಿಯ ಸಿಇಟಿ ಬರೆದು ಬಂದವರು ನಾವು. ಎದುರಿನ ಶಾಲೆಯ ಟೀಚರ್‌ಗಿಂತ ನಾನು ಕಡಿಮೆಯೇನಲ್ಲ ಅಂತ ನನಗೆ ಗೊತ್ತು.

ಶುರುವಾಗುವುದು ಎಲ್‌ಕೆಜಿಯಿಂದ. ಮಗುವಿಗೆ ನಾಲ್ಕು ವರ್ಷ ಆದಾಗ ನಾನು ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯಬೇಕು, ಯಜಮಾನರು ಇನ್ನೊಂದು ದಿಕ್ಕಿಗೆ ಹೋಗಬೇಕು, ಮನೆಯಲ್ಲಿ ಅತ್ತೆ ಮಾವ ಇಲ್ಲ. ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಒಂದನೇ ಕ್ಲಾಸಿಗೆ, ಆರು ವರ್ಷಕ್ಕೆ. ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಶಾಲೆಗಳಲ್ಲಿ ಎಲ್‌ಕೆಜಿ ಇದೆ, ಕಲ್ಯಾಣ ಕರ್ನಾಟಕದಲ್ಲೂ ಈಚೆಗೆ ಕೆಲವು ಶಾಲೆಗಳಲ್ಲಿ ಶುರು ಮಾಡಿದ್ದಾರೆ, ನಮ್ಮ ಹೋಬಳಿಯಲ್ಲಿ ಇಲ್ಲ. ಹಾಗಾಗಿ ಖಾಸಗಿ ಶಾಲೆಗೆ ಹಾಕಿದೆವು. ಎರಡು ವರ್ಷ ಅಲ್ಲಿ ಕಲಿತು, ಗೆಳತಿಯರೂ ಆದ ಮೇಲೆ, ಟಿಸಿ ತಗೊಂಡು ಬಾ ಅಂತ ಆ ಮಗುವಿಗೆ ಹೇಳೋದು ಹೇಗೆ? ಯಾರೂ ಹೇಳಲ್ಲ. ನನ್ನ ಜೊತೆ ಕೆಲಸ ಮಾಡುವ ಹತ್ತು ಟೀಚರ್‌ಗಳನ್ನು ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಜನ ಇದೇ ಕಥೆ ಹೇಳುತ್ತಾರೆ. ಯಾವ ಮೀಡಿಯಂ, ಯಾವ ಸಿಲೆಬಸ್ ಅಂತ ಯೋಚನೆ ಮಾಡುವ ಮೊದಲೇ ಮಗು ಎಲ್ಲಿ ಓದುತ್ತದೆ ಅನ್ನುವುದು ತೀರ್ಮಾನ ಆಗಿಬಿಟ್ಟಿರುತ್ತದೆ.

ಇನ್ನೊಂದು, ಇದನ್ನು ಹೇಳೋಕೆ ಸ್ವಲ್ಪ ಕಷ್ಟ. ಪಾಠ ಮಾಡೋಕೆ ನನಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ನನಗೆ ಗೊತ್ತಲ್ಲ. ನಲಿಕಲಿ ಅನ್ನುವ ಕಲಿಕೆ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ. ಮಕ್ಕಳನ್ನು ತಟ್ಟೆಗಳಲ್ಲಿ ಕೂರಿಸಬೇಕು, ಅಂದರೆ ಗುಂಪುಗಳಲ್ಲಿ. ಒಂದು ತಟ್ಟೆಯವರಿಗೆ ನಾನೇ ಕೂತು ಕಲಿಸಬೇಕು, ಒಂದು ತಟ್ಟೆಯವರಿಗೆ ಸ್ವಲ್ಪ ಸಹಾಯ, ಉಳಿದವರು ಗೆಳೆಯರ ಜೊತೆ ಅಥವಾ ತಾವೇ ಕಾರ್ಡ್ ನೋಡಿ ಕಲಿಯಬೇಕು. ಒಳ್ಳೆಯ ಪದ್ಧತಿ, ನಿಜವಾಗಲೂ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಟೀಚರ್‌ಗಳೇ ಕೂತು ಕಟ್ಟಿದ್ದು. ಆದರೆ ಅದು ನಡೆಯುವುದು ಟೀಚರ್ ಆ ಕೋಣೆ ಬಿಟ್ಟು ಹೋಗದಿದ್ದರೆ ಮಾತ್ರ. ಈಗ ನೋಡಿ, ನಾನು ಕಾರ್ಡ್ ಹಿಡಿದು ಕೂತೆ ಅನ್ನಿ, ಮೊಟ್ಟೆ ಗಾಡಿ ಬಂತು. ಎಣಿಸಿಕೊಳ್ಳಬೇಕು, ಒಡೆದಿದ್ದನ್ನು ವಾಪಸ್ ಕೊಡಬೇಕು, ಇಲಾಖೆ ಮೊಟ್ಟೆಗೆ ಕೊಡುವ ದುಡ್ಡಿನಲ್ಲೇ ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಬರಬೇಕು, ಅಂಗಡಿ ರೇಟು ಏರಿದ ತಿಂಗಳು ಕೈಯಿಂದ ಹಾಕಬೇಕು. ಆಮೇಲೆ ಸ್ಯಾಟ್ಸ್ ಎಂಟ್ರಿ, ಅಂದರೆ ಮಕ್ಕಳ ಮಾಹಿತಿ ಆನ್‌ಲೈನ್‌ಗೆ ಹಾಕುವುದು. ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನು, ಒಂದು ಗಂಟೆಯೊಳಗೆ ಮಾಹಿತಿ ಕಳಿಸಿ ಅಂತ. ವರ್ಷವಿಡೀ ಬಿಎಲ್‌ಒ ಕೆಲಸ, ಅಂದರೆ ಮತದಾರರ ಪಟ್ಟಿ ಕೆಲಸ ಬೇರೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದೆವು. ಆ್ಯಪ್‌ನಲ್ಲಿ 60 ಪ್ರಶ್ನೆ, ಗುಡ್ಡದ ಮೇಲಿನ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ, ಜನ ಬೈಯುವುದು ನಮಗೆ. ದಸರಾ ರಜೆಯಲ್ಲಿ ಮುಗಿಯಲಿಲ್ಲ ಅಂತ ಅಕ್ಟೋಬರ್ 8ರಿಂದ 18ರವರೆಗೆ ಶಾಲೆಗೇ ರಜೆ ಕೊಟ್ಟರು. ಖಾಸಗಿ ಶಾಲೆಯ ನನ್ನ ಮಗಳ ಟೀಚರ್ ಸಮೀಕ್ಷೆಗೆ ಹೋಗಲಿಲ್ಲ.

ನನ್ನ ಕ್ಲಾಸಿನ ಮಕ್ಕಳಿಗೆ ಇದು ಅನ್ಯಾಯವೇ. ಇಲ್ಲ ಅನ್ನಲ್ಲ. ಅದೇ ಅನ್ಯಾಯವನ್ನು ನನ್ನ ಮಗುವಿಗೂ ಮಾಡಿದರೆ ನ್ಯಾಯ ಆಗುತ್ತದಾ ಅಂತ ನೀವೇ ಹೇಳಿ.

ಹೊಲದಬದು:

ಮೇಡಂ, ಬೈಯಲ್ಲ. ನೀವು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ, ಮೊಟ್ಟೆ ವಿಷಯ ನಮ್ಮಲ್ಲೂ ಹಾಗೇ. ಆದರೆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ನಿಮಗೆ ಬಿಟ್ಟು ಹೋಗುವ ದಾರಿ ಇದೆ, ನಮ್ಮ ಕೇರಿಯವರಿಗೆ ಆ ದಾರಿಯೂ ಸಾಲದ ದಾರಿ. ಪಾಠಕ್ಕೆ ಟೈಮ್ ಸಿಗುತ್ತಿಲ್ಲ ಅಂತ ನಿಮಗೆ ಗೊತ್ತಿದ್ದೂ ಇಷ್ಟು ವರ್ಷ ಯಾವ ಎಸ್‌ಡಿಎಂಸಿ ಸಭೆಯಲ್ಲಾದರೂ ಹೇಳಿದ್ದೀರಾ? ನಮ್ಮ ಟೀಚರ್‌ಗಳು ಒಂದು ಸಲವೂ ಹೇಳಿಲ್ಲ. ಸಭೆಯಲ್ಲಿ ಎಲ್ಲ ಚೆನ್ನಾಗಿದೆ ಅಂತಲೇ ವರದಿ ಓದಿ, ಸಹಿ ಹಾಕಿಸಿಕೊಂಡು, ಟೀ ಕೊಟ್ಟು ಕಳಿಸುತ್ತಾರೆ.

ಗುಂಡಿ_ರಸ್ತೆ:

ಎಮ್ಮೆಲ್ಲೆ ಮಕ್ಕಳು ಎಲ್ಲಿ ಓದ್ತಾರೆ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮಕ್ಕಳು? ಸರ್ಕಾರಿ ಆಸ್ಪತ್ರೆ ಡಾಕ್ಟರು ಜ್ವರ ಬಂದರೆ ಎಲ್ಲಿಗೆ ಹೋಗ್ತಾರೆ? ಪಾಪ ಟೀಚರ್ ಮಾತ್ರ ಕೈಗೆ ಸಿಗ್ತಾರೆ, ಅವರನ್ನೇ ಹಿಡಕೊಳ್ಳಿ.

ಕರಿಕೋಟು:

ಕಾನೂನು ಕೇಳಿದ್ದೀರಲ್ಲ, ಅದಕ್ಕೆ ಮಾತ್ರ ಉತ್ತರ.

ಸರ್ಕಾರಿ ನೌಕರರು ಮಕ್ಕಳನ್ನು ಸರ್ಕಾರಿ ಶಾಲೆಗೇ ಹಾಕಬೇಕು ಅನ್ನುವ ಕಾನೂನು ಕರ್ನಾಟಕದಲ್ಲಿ ಇಲ್ಲ. ವಾಟ್ಸಾಪ್‌ನಲ್ಲಿ ಆಗಾಗ ಓಡಾಡುವ ಸುದ್ದಿ ಉತ್ತರ ಪ್ರದೇಶದ್ದು. ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್ 18ರಂದು ಅಂಥ ಒಂದು ತೀರ್ಪು ಕೊಟ್ಟಿತು. ಟೀಚರ್ ಮಾತ್ರವಲ್ಲ, ಅಧಿಕಾರಿಗಳು, ಜನಪ್ರತಿನಿಧಿಗಳು, ನ್ಯಾಯಾಂಗದವರು, ಸರ್ಕಾರದ ಖಜಾನೆಯಿಂದ ಸಂಬಳ ತಗೊಳ್ಳುವ ಎಲ್ಲರೂ ಅಂತ. ಖಾಸಗಿ ಶಾಲೆಗೆ ಹಾಕಿದರೆ ಅಲ್ಲಿ ಕಟ್ಟುವಷ್ಟೇ ಹಣವನ್ನು ಸರ್ಕಾರಕ್ಕೂ ಕಟ್ಟಬೇಕು, ಇನ್‌ಕ್ರಿಮೆಂಟ್ ತಡೆಯಬೇಕು ಅಂತೆಲ್ಲ ಹೇಳಿತ್ತು. ತಮಾಷೆ ಅಂದರೆ ಆ ಕೇಸು ಶುರುವಾಗಿದ್ದೇ ಗಣಿತ, ವಿಜ್ಞಾನ ಶಿಕ್ಷಕರ ನೇಮಕಾತಿಯ ಗೊಂದಲದಿಂದ. ಆರು ತಿಂಗಳಲ್ಲಿ ಜಾರಿ ಮಾಡಿ ಅಂದಿತ್ತು, ಜಾರಿಗೆ ಬರಲಿಲ್ಲ.

ನಮ್ಮ ಕಡೆ ಗಾಳಿ ಬೀಸಿದ್ದು ಇನ್ನೊಂದು ದಿಕ್ಕಿಗೆ. ಒಂದರಿಂದ ನಾಲ್ಕರವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುವ 1994ರ ರಾಜ್ಯ ಸರ್ಕಾರದ ಆದೇಶ ಸುಪ್ರೀಂ ಕೋರ್ಟಿನಲ್ಲಿ 2014ರ ಮೇ 6ರಂದು ಬಿತ್ತು. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಅನ್ನುವುದು ತಂದೆ ತಾಯಿಯ ಆಯ್ಕೆ ಅಂತ ಕೋರ್ಟ್ ಹೇಳಿತು. ಟೀಚರ್ ಕೂಡ ತಂದೆ ತಾಯಿಯೇ. ಹಾಗಾಗಿ ಸಭೆಯಲ್ಲಿ ಕೇಳಿದರೆ ಉತ್ತರ ಕೊಡಬೇಕಾದ ಬಾಧ್ಯತೆ ಅವರಿಗಿಲ್ಲ. ನಡಾವಳಿ ಪುಸ್ತಕದಲ್ಲಿ ಅದನ್ನು ದಯವಿಟ್ಟು ಬರೆಸಬೇಡಿ, ಇಲ್ಲದ ತಲೆನೋವು.

ಅನ್ಯಾಯದ ಮಾತು ಬಂತಲ್ಲ, ಅದು ಇರುವುದು ಬೇರೆ ಕಡೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟಿನಲ್ಲಿ ಬಡವರ ಮಕ್ಕಳು ಖಾಸಗಿ ಶಾಲೆಗೆ ಫೀಸಿಲ್ಲದೆ ಹೋಗಬಹುದಿತ್ತು. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗಲ್ಲ. ಅಂದರೆ ಆ ಅಜ್ಜಿಯ ಮೊಮ್ಮಗನಿಗೆ ಸರ್ಕಾರ ಹೇಳುವುದು, ನಿನಗೆ ಸರ್ಕಾರಿ ಶಾಲೆ ಸಾಕು ಅಂತ. ನೌಕರರಿಗೆ ಹಾಗೆ ಹೇಳುವುದಿಲ್ಲ.

ನೀವು ಕೇಳಬಹುದಾದದ್ದು ಇನ್ನೊಂದಿದೆ. ಆರ್‌ಟಿಇ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟರೆ ಬೇರೆ ಕೆಲಸಕ್ಕೆ ಟೀಚರ್‌ಗಳನ್ನು ಹಚ್ಚುವ ಹಾಗಿಲ್ಲ. ಯಾವ ತಿಂಗಳು ಎಷ್ಟು ದಿನ ಯಾವ ಕೆಲಸಕ್ಕೆ ಹೋದರು ಅಂತ ಎಸ್‌ಡಿಎಂಸಿ ಪಟ್ಟಿ ಕೇಳಬಹುದು. ಇದನ್ನು ನಡಾವಳಿಯಲ್ಲಿ ಧಾರಾಳವಾಗಿ ಬರೆಸಿ.

ವರ್ಕ್‌ಶೀಟ್_ಮಿಸ್:

ನಾನು ಆಚೆ ದಡದವಳು. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಕಲಿಸುತ್ತೇನೆ. ಸಂಬಳ ಕೇಳಬೇಡಿ, ಅತಿಥಿ ಶಿಕ್ಷಕರಿಗಿಂತ ಕಮ್ಮಿ. ನನ್ನ ಪಕ್ಕದ ಸೆಕ್ಷನ್ ಮಿಸ್ ಬಿಕಾಂ ಮಾಡಿದ್ದಾರೆ, ಬಿ.ಎಡ್. ಇಲ್ಲ, ಮದುವೆ ಆದರೆ ಬಿಟ್ಟು ಹೋಗುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು.

ನನ್ನ ಕ್ಲಾಸಿನಲ್ಲಿ ಸರ್ಕಾರಿ ಟೀಚರ್‌ಗಳ ಮಕ್ಕಳು ಏಳು ಜನ ಇದ್ದಾರೆ. ಓದಿನಲ್ಲಿ ಮುಂದಿರುವ ಹತ್ತರಲ್ಲಿ ಐದು ಅವರೇ. ಹೋಮ್‌ವರ್ಕ್ ನೋಡಿದರೆ ಗೊತ್ತಾಗುತ್ತದೆ, ಮನೆಯಲ್ಲಿ ಅಮ್ಮ ಕೂತು ಮಾಡಿಸಿದ್ದಾರೆ. ನಾನು ಭಾಗಾಕಾರ ಹೇಳಿಕೊಟ್ಟ ದಿನ ಅರ್ಧ ಕ್ಲಾಸಿಗೆ ತಲೆಗೆ ಹೋಗಲಿಲ್ಲ. ಮಾರನೇ ದಿನ ಒಂದು ಹುಡುಗಿ ಹುಣಸೆ ಬೀಜ ಜೋಡಿಸಿ ಹೇಳಿಸಿಕೊಂಡು ಬಂದಿದ್ದಳು, ಉಳಿದವರಿಗೂ ಅವಳೇ ತೋರಿಸಿದಳು. ಅಮ್ಮ ಸರ್ಕಾರಿ ಶಾಲೆ ಟೀಚರ್. ರಿಸಲ್ಟ್ ಬಂದಾಗ ನಮ್ಮ ಮ್ಯಾನೇಜ್‌ಮೆಂಟ್ ಫ್ಲೆಕ್ಸ್ ಹಾಕಿಸುತ್ತದೆ, ಆ ಹುಡುಗಿಯ ಫೋಟೋ ದೊಡ್ಡದಾಗಿ, ನಮ್ಮ ಶಾಲೆಯ ಸಾಧನೆ ಅಂತ. ಹುಣಸೆ ಬೀಜ ಫ್ಲೆಕ್ಸ್‌ನಲ್ಲಿ ಇರಲ್ಲ.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಮಗೆ ಭಯ ಇರುವುದೂ ಇವರದ್ದೇ. ಬೇರೆಯವರು ಮಾರ್ಕ್ಸ್ ನೋಡಿ ಹೋಗುತ್ತಾರೆ. ಇವರು ನೋಟ್ಸ್ ತೆಗೆದು, ಈ ಕಾಗುಣಿತ ತಪ್ಪಿದೆ ಮಿಸ್, ರೈಟ್ ಹಾಕಿದ್ದೀರಲ್ಲ ಅನ್ನುತ್ತಾರೆ. ಟಾಯ್ಲೆಟ್‌ಗೆ ಹೋಗಿ ನೀರು ಬರುತ್ತದಾ ನೋಡಿ ಬರುತ್ತಾರೆ. ಹೊಲದಬದು ಅಣ್ಣ, ನಿಮ್ಮ ಶಾಲೆಗೆ ನಷ್ಟ ಆಗಿರುವುದು ಆ ಮೂರು ಮಕ್ಕಳಲ್ಲ. ಇಂಥ ಅಪ್ಪ ಅಮ್ಮಂದಿರು.

ಎರಡನೇ_ಬೆಂಚು:

ನಮ್ಮಮ್ಮ ಟೀಚರ್, ನಾನು ಏಳನೇ ಕ್ಲಾಸಿನವರೆಗೆ ಅವರ ಶಾಲೆಯಲ್ಲೇ ಓದಿದವನು, ಶಿವಮೊಗ್ಗ ಜಿಲ್ಲೆ. ಶಾಲೆಯಲ್ಲಿ ಅಮ್ಮ ಅನ್ನೋ ಹಾಗಿಲ್ಲ, ಟೀಚರ್ ಅನ್ನಬೇಕು. ಗಲಾಟೆ ಆದರೆ ಮೊದಲ ಏಟು ನನಗೆ, ಪಕ್ಷಪಾತ ಅಂತ ಯಾರೂ ಅನ್ನಬಾರದು ಅಂತ. ಇಂಗ್ಲಿಷ್ ಬರಲ್ಲ ಅನ್ನುವ ಹೆದರಿಕೆ ಪಿಯುಸಿ ಮೊದಲ ಮೂರ್ನಾಲ್ಕು ತಿಂಗಳು ಇತ್ತು, ಚೆನ್ನಾಗಿ ಅತ್ತಿದ್ದೇನೆ ಕೂಡ, ಆಮೇಲೆ ಹೋಯಿತು.

ಟೀಚರ್‌ಗಳು ಲೆಕ್ಕ ಹಾಕದ ಒಂದು ಲೆಕ್ಕ ಹೇಳುತ್ತೇನೆ. ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15. ರಾಜ್ಯ ಸರ್ಕಾರದ ನೌಕರಿಯಲ್ಲೂ ಕನ್ನಡ ಮೀಡಿಯಂ ಮೀಸಲಾತಿ ಇದೆ, ಗ್ರಾಮೀಣ ಮೀಸಲಾತಿ ಇದೆ. ನವೋದಯದಲ್ಲಿ ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿ ಶಾಲೆಯಲ್ಲಿ ಓದಿರಬೇಕು. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದೇ ಹೀಗೆ. ಪುರಸಭೆ ವ್ಯಾಪ್ತಿಯ ಇಂಗ್ಲಿಷ್ ಶಾಲೆಗೆ ಹಾಕಿದ ದಿನವೇ ಇದೆಲ್ಲ ಹೋಯಿತು. ಬೇರೆಯವರ ಮಕ್ಕಳಿಗೆ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಡುವವರು ಇವರೇ.

ಆದರೆ ಒಂದು ಒಪ್ಪುತ್ತೇನೆ. ನಾವು ಆ ಊರಲ್ಲೇ ಇದ್ದೆವು. ಶಾಲೆ ಮನೆಯಿಂದ ಕೂಗಳತೆ ದೂರ. ಈಗಿನ ಟೀಚರ್ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಆರು ವರ್ಷದ ಮಗುವನ್ನು ಆ ಬಸ್ಸಿನಲ್ಲಿ ಜೋತಾಡಿಸಿಕೊಂಡು ಹೋಗಿ ಅನ್ನೋಕೆ ನನಗೂ ಮನಸ್ಸು ಬರಲ್ಲ.

ಪೆನ್ಷನ್_ಮೇಷ್ಟ್ರು:

ನಾನು ಹೆಡ್‌ಮಾಸ್ಟರ್ ಆಗಿ ನಿವೃತ್ತನಾದವನು. ಹೊಲದಬದು ಅವರೇ, "ನಿಮ್ಮ ಮಕ್ಕಳನ್ನು ಯಾಕೆ ಇಲ್ಲಿ ಹಾಕಿಲ್ಲ" ಅಂತ ಸಭೆಯಲ್ಲಿ ಕೇಳಿದರೆ ಏನಾಗುತ್ತದೆ ಹೇಳಲಾ? ಮೂವರೂ ಮುಖ ಊದಿಸಿಕೊಳ್ಳುತ್ತಾರೆ. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಒಬ್ಬರು ಹೋಗುತ್ತಾರೆ. ಆ ಹುದ್ದೆ ಖಾಲಿ ಉಳಿಯುತ್ತದೆ. ನಿಮ್ಮ ಮಗ ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಇಬ್ಬರೇ.

ಪ್ರಶ್ನೆಯನ್ನು ತಿರುಗಿಸಿ. "ಏನೇನು ಇದ್ದರೆ ಹಾಕುತ್ತಿದ್ದಿರಿ?" ಅಂತ ಕೇಳಿ. ಒಬ್ಬೊಬ್ಬರನ್ನೇ, ಸಭೆಯಲ್ಲಿ ಅಲ್ಲ, ಸಂಜೆ ಶಾಲೆ ಬಿಟ್ಟ ಮೇಲೆ. ಅವರು ಹೇಳುವ ಪಟ್ಟಿ ಇದೆಯಲ್ಲ, ಅದೇ ನಿಮ್ಮ ಶಾಲಾ ಅಭಿವೃದ್ಧಿ ಯೋಜನೆ. ಅದನ್ನು ತಯಾರಿಸುವ ಕೆಲಸ ಕಾನೂನಿನಲ್ಲೇ ನಿಮಗೆ ಕೊಟ್ಟಿದ್ದಾರೆ, ಹೆಚ್ಚಿನ ಕಡೆ ಹೆಡ್‌ಮಾಸ್ಟರ್ ಹಳೇ ವರ್ಷದ್ದನ್ನೇ ನಕಲು ಮಾಡಿ ಸಹಿ ಹಾಕಿಸುತ್ತಾರೆ. ಒಳಗಿನವರು ತಮ್ಮ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳುವ ಕೊರತೆ ಯಾವ ವರದಿಯಲ್ಲೂ ಸಿಗಲ್ಲ.

ಎಲ್‌ಕೆಜಿ ಬಗ್ಗೆ ಮೇಡಂ ಹೇಳಿದ್ದು ಸರಿಯಾಗಿದೆ. ಎಷ್ಟೋ ಊರುಗಳಲ್ಲಿ ಎಸ್‌ಡಿಎಂಸಿ, ಹಳೇ ವಿದ್ಯಾರ್ಥಿಗಳು ಸೇರಿ ಒಂದು ಕೋಣೆಯಲ್ಲಿ ಎಲ್‌ಕೆಜಿ ನಡೆಸುತ್ತಿದ್ದಾರೆ, ಊರಿನ ಓದಿದ ಹೆಣ್ಣುಮಗಳಿಗೆ ಸಂಬಳ ಕೊಟ್ಟು. ಬಿಇಒ ಕಚೇರಿಯಲ್ಲಿ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಅಂಗನವಾಡಿಯವರ ಜೊತೆ ಕೂತು ಮಾತಾಡಿ, ಇಲ್ಲದಿದ್ದರೆ ಅವರ ಮಕ್ಕಳನ್ನೇ ಎಳೆದುಕೊಂಡ ಹಾಗೆ ಆಗುತ್ತದೆ, ಜಗಳ ಗ್ಯಾರಂಟಿ.

ಇಂಗ್ಲಿಷ್ ಮೀಡಿಯಂ ಕೊಡಿ ಅಂತ ಮಾತ್ರ ಅರ್ಜಿ ಹಾಕಲು ಓಡಬೇಡಿ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಶುರು ಮಾಡಿದರು. ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್ ಇರುವ ದ್ವಿಭಾಷಾ ಪುಸ್ತಕ ಕೊಟ್ಟರು, ಅದು ಒಳ್ಳೆಯದೇ. ಕಲಿಸುವವರು ಮಾತ್ರ ಅವರೇ, ಕೆಲವು ದಿನದ ತರಬೇತಿ ಕೊಟ್ಟು. ಮೂರು ಜನ ಟೀಚರ್ ಇರುವ ಶಾಲೆಗೆ ಎರಡು ಮೀಡಿಯಂ ತಂದರೆ ಇರುವ ಪಾಠವೂ ಅರ್ಧ ಆಗುತ್ತದೆ. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ, ಅದಕ್ಕೆ ದಿನಾ ಒಂದು ಪಿರಿಯಡ್ ತಪ್ಪದೆ ನಡೆಯಲಿ, ಸಾಕು.

ಹೊಲದಬದು:

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಮೂವರಲ್ಲಿ ಇಬ್ಬರು ಮಾತಾಡಿದರು. ಹೆಡ್‌ಮಾಸ್ಟರ್ ನಕ್ಕು, "ಬಿಡ್ರಿ ಅಧ್ಯಕ್ಷರೇ" ಅಂದು ಬೈಕ್ ಹತ್ತಿದರು.

ದಾಖಲಾತಿಗೆ ಬಂದಿದ್ದ ಮೇಡಂ ತುಂಬಾ ಹೊತ್ತು ಮಾತಾಡಿದರು. ಅವರ ದೊಡ್ಡ ಮಗಳು ಕಾನ್ವೆಂಟ್ ಬಿಡಲ್ಲ, ಅದು ಆಗದ ಮಾತು ಅಂದರು. ಚಿಕ್ಕವನಿಗೆ ಈಗ ಮೂರೂವರೆ. ಇಲ್ಲಿ ಎಲ್‌ಕೆಜಿ ಇದ್ದು, ಮಧ್ಯಾಹ್ನ ಮಲಗೋಕೆ ಜಾಗ ಇದ್ದು, ಹುಡುಗಿಯರ ಟಾಯ್ಲೆಟ್ ಪಕ್ಕದ ತೆರೆದ ನೀರಿನ ಸಂಪ್‌ಗೆ ಮುಚ್ಚಳ ಹಾಕಿಸಿದರೆ ಯೋಚನೆ ಮಾಡುತ್ತೇನೆ ಅಂದರು. ಸಂಪಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನನ್ನ ಮಗ ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾನೆ. ಕಬ್ಬಿಣದ ಮುಚ್ಚಳ ಪಟ್ಟಣದಲ್ಲಿ ವೆಲ್ಡಿಂಗ್‌ಗೆ ಕೊಟ್ಟಿದ್ದೇನೆ, ಗುರುವಾರ ಬರುತ್ತದೆ.

ಎಲ್‌ಕೆಜಿ ಖರ್ಚಿಗೆ ಬೆಂಗಳೂರಿನಲ್ಲಿರುವ ಊರ ಹುಡುಗರನ್ನು ಕೇಳುತ್ತಿದ್ದೇವೆ. ಕರಿಕೋಟು ಸರ್, ಆ 27ನೇ ಸೆಕ್ಷನ್ ಪಟ್ಟಿಯನ್ನು ಯಾವ ನಮೂನೆಯಲ್ಲಿ ಕೇಳಬೇಕು, ಒಂದು ಮಾದರಿ ಹಾಕುತ್ತೀರಾ?

ಕರಿಕೋಟು:

ನಮೂನೆ ಏನೂ ಬೇಡ. ಬಿಳಿ ಹಾಳೆ ಸಾಕು. ದಿನಾಂಕ, ಯಾವ ಟೀಚರ್, ಯಾವ ಕೆಲಸ, ಯಾರ ಆದೇಶ, ಎಷ್ಟು ಹೊತ್ತು, ಇಷ್ಟು ಕಾಲಂ. ಜೂನ್‌ನಿಂದಲೇ ಬರೆಯಲು ಶುರು ಮಾಡಿ, ಹಳೆಯದನ್ನು ಕೆದಕಬೇಡಿ. ಆ ಹಾಳೆ ತುಂಬಿಸುವ ಕೆಲಸವನ್ನು ಮಾತ್ರ ಟೀಚರ್‌ಗೆ ಹಚ್ಚಬೇಡಿ, ನಿಮ್ಮ ಸದಸ್ಯರಲ್ಲಿ ಯಾರಾದರೂ ಬರೆಯಲಿ.